ಹಿಡಕಲ್‌ಗೆ ಗಾಲಿಮನೆ ಎಳೆದುಕೊಂಡು

ಹುನ್ನೂರಿನ ವಿಠ್ಠಲನ ಗುಡಿ ವರ್ಷದ ಬಹುಪಾಲು ಹಿಡಕಲ್ ಜಲಾಶಯದ ನೀರಲ್ಲೇ ಇರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಮೇಲೆದ್ದು ಕಾಣುತ್ತದೆ. ಅಪ್ಪ ಹುಟ್ಟಿದ್ದು ಆ ಗುಡಿಯ ಆಸುಪಾಸಿನಲ್ಲೇ. ಅಣೆಕಟ್ಟು ಬಂದಾಗ ಮನೆ, ಹೊಲ ಎರಡೂ ಮುಳುಗಿದವು. ಪುಣೆಗೆ ನಮ್ಮ ಜೊತೆ ಇರಲು ಬಂದ ಮೇಲೆ ಪ್ರತಿ ಬೇಸಿಗೆಯಲ್ಲೂ ಯಾರೋ ಕಳಿಸಿದ ಗುಡಿಯ ವಿಡಿಯೊ ತೋರಿಸುತ್ತಾರೆ. ಹೋಗೋಣ ಅಂದರೆ ಮಾತ್ರ, "ನೀವ ಹೋಗಿ ಬರ್ರಿ, ನಾ ಒಲ್ಲೆ."

ಕಾರಣ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪನಿಗೆ ಈಗ 74. ಪ್ರಾಸ್ಟೇಟ್ ತೊಂದರೆಯಿಂದಾಗಿ ಮುಕ್ಕಾಲು ಗಂಟೆಗೊಮ್ಮೆ ಶೌಚಾಲಯ ಬೇಕು. ಹೋದ ವರ್ಷ ಬೆಳಗಾವಿಯ ಮದುವೆಗೆ ಹೊರಟಾಗ, ದಾರಿಯ ಢಾಬಾಗಳ ಶೌಚಾಲಯಕ್ಕೆ ಹೆದರಿ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದೆ ಕೂತಿದ್ದರು. ಮರಳಿದ ಮೇಲೆ ಮೂತ್ರದ ಸೋಂಕು, ಜ್ವರ, ನಾಲ್ಕು ದಿನ ಆಸ್ಪತ್ರೆ. ನಾವು ಐದು ತಾಸು ಹಾಡು ಹಾಕಿಕೊಂಡು ಹರಟಿದ್ದೆವು. ಅವರ ಬಾಟಲಿಯ ಮುಚ್ಚಳ ಬಿಚ್ಚಿಲ್ಲ ಅನ್ನುವುದನ್ನು ನಾನು ನೋಡಿರಲೇ ಇಲ್ಲ.

ಅದಕ್ಕೇ ಈ ಸಲ ಬಾಡಿಗೆಗೆ ಟ್ರೇಲರ್. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಪುಟ್ಟ ಮನೆ ಅದು: ನಾಲ್ವರಿಗೆ ಮಲಗಲು ಜಾಗ, ಒಂದು ಒಲೆ, ಮುಖ್ಯವಾಗಿ ಒಂದು ಶೌಚಾಲಯ. ಮಗಳು ಓಡುವ ಮನೆಯಲ್ಲಿ ಕೂತು ಕಿಟಕಿಯಿಂದ ಟಾಟಾ ಮಾಡುವ ಕನಸು ಕಂಡಿದ್ದಳು. ಅದು ಆಗದ ಮಾತು. ಗಾಡಿ ಚಲಿಸುವಾಗ ಟ್ರೇಲರಿನಲ್ಲಿ ಯಾರೂ ಇರಬಾರದು. ಅಪ್ಪನಿಗೆ ಬೇಕಾದಾಗ ನಿಲ್ಲಿಸಲೇಬೇಕು, ಆದರೆ ನಿಲ್ಲಿಸಿದಲ್ಲಿ ನಮ್ಮದೇ ಚೊಕ್ಕ ಬಾಗಿಲು ತೆರೆಯುತ್ತದೆ.

ನಾನು ಸಾಫ್ಟ್‌ವೇರಿನವನು. ಎಕ್ಸೆಲ್ ಹಾಳೆ ತೆರೆಯದೆ ಉಪ್ಪಿಟ್ಟನ್ನೂ ಮಾಡುವುದಿಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಆದರೆ ಇಲ್ಲಿ ಲೆಕ್ಕ ತಪ್ಪಿದರೆ ನಗೆಪಾಟಲಾಗಿ ಮುಗಿಯುವುದಿಲ್ಲ. ಮೊದಲನೆಯದು ತೂಕ. ಕಾರು ಎಷ್ಟು ಕಿಲೋ ಎಳೆಯಬಹುದು ಎಂದು ಅದರ ಕೈಪಿಡಿಯನ್ನೇ ನೋಡಬೇಕು. ಬಾಡಿಗೆ ಕೊಡುವವರ "ಆರಾಮ್ ಎಳೀತದ ಸರ್" ಸಾಲದು. ಖಾಲಿ ಟ್ರೇಲರಿನ ತೂಕ ನೋಡಿ ಖುಷಿಪಡುವಂತೆಯೂ ಇಲ್ಲ. 80 ಲೀಟರ್ ನೀರು ತುಂಬಿದರೆ ಅಷ್ಟೇ 80 ಕಿಲೋ ಸೇರಿತು. ಆಮೇಲೆ ಪಾತ್ರೆ, ಹಾಸಿಗೆ, ಅಕ್ಕಿ, ಗ್ಯಾಸ್. ಭಾರದ ಸಾಮಾನು ಗಾಲಿಯ ಅಚ್ಚಿನ ಮೇಲೆ, ತುಸು ಮುಂದಕ್ಕೆ ಇರಬೇಕು. ಹಿಂದೆ ಭಾರ ಹೆಚ್ಚಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಆಡತೊಡಗುತ್ತದೆ, ಕಾರನ್ನೂ ಜೊತೆಗೆ ಎಳೆದಾಡುತ್ತದೆ. ಹಾಗಾಗಿ ಹೆಂಡತಿಯ ರೊಟ್ಟಿ ಡಬ್ಬಿಗಳು ಹಿಂದಿನ ಕಪಾಟಿನಿಂದ ಮುಂದಕ್ಕೆ ಬಂದಿವೆ.

ಎರಡನೆಯದು ಸೆಕೆ. ಗುಡಿ ಕಾಣಬೇಕೆಂದರೆ ಮಳೆಗೆ ಮುಂಚೆ, ಅಂದರೆ ಮೇ ತಿಂಗಳಲ್ಲೇ ಹೋಗಬೇಕು. ಟ್ರೇಲರಿನ ಬ್ಯಾಟರಿ 12 ವೋಲ್ಟ್, 100 ಆಂಪಿಯರ್-ಅವರ್. ಅಂದರೆ 1200 ವ್ಯಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿಯಾದ್ದರಿಂದ ಅದರಲ್ಲಿ ಅರ್ಧ ಮಾತ್ರ ಬಳಸುವುದು ಒಳ್ಳೆಯದು. 25 ವ್ಯಾಟಿನ ಎರಡು ಫ್ಯಾನ್ ಎಂಟು ತಾಸು ತಿರುಗಿದರೆ 400. ದೀಪ, ಮೊಬೈಲ್ ಸೇರಿಸಿದರೂ ರಾತ್ರಿ ಕಳೆಯುತ್ತದೆ. ಎಸಿ ಹಾಕಿದರೆ ಅರ್ಧ ತಾಸಿನಲ್ಲಿ ಕತೆ ಮುಗಿಯಿತು. ಅದಕ್ಕೇ ಮೊದಲ ರಾತ್ರಿ ಕೊಲ್ಹಾಪುರದ ಒಂದು ಲಾಡ್ಜಿನ ಅಂಗಳದಲ್ಲಿ. ಫೋನ್ ಮಾಡಿ ಕರೆಂಟಿಗೂ ಕೇಳಿ ಒಪ್ಪಿಸಿದ್ದೇವೆ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿ ಮಲಗುವ ಸಾಹಸ ಬೇಡ.

ಪುಣೆಯಿಂದ ಕೊಲ್ಹಾಪುರ ಸುಮಾರು 230 ಕಿ.ಮೀ. ನಮ್ಮದು 60ರ ವೇಗ, ಮುಕ್ಕಾಲು ಗಂಟೆಗೊಂದು ನಿಲುಗಡೆ, ಖಂಬಾಟಕಿ ಘಾಟಿ ಬೇರೆ. ಇಡೀ ದಿನವನ್ನೇ ಇಟ್ಟಿದ್ದೇನೆ. ಇಳಿಜಾರಿನಲ್ಲಿ ಬ್ರೇಕ್ ತುಳಿದೇ ಕೂರದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಓಡಿಸುವಾಗ ಸಿಲಿಂಡರಿನ ಕೀಲಿ ಬಂದ್. ಟ್ರೇಲರಿನ ನೋಂದಣಿ ಪತ್ರ, ವಿಮೆ ಎರಡೂ ಬೇರೆಯಾಗಿಯೇ ಕೈಯಲ್ಲಿರಬೇಕು. ಮರುದಿನ ನಿಪ್ಪಾಣಿ, ಸಂಕೇಶ್ವರ ದಾಟಿ ಹಿಡಕಲ್. ಶೌಚಾಲಯದ ಪೆಟ್ಟಿಗೆಯನ್ನು ಲಾಡ್ಜಿನ ಶೌಚಾಲಯದಲ್ಲೇ ಖಾಲಿ ಮಾಡುವುದು, ಜಲಾಶಯದ ದಂಡೆಯಲ್ಲಿ ಖಂಡಿತ ಅಲ್ಲ. ಆ ಕೆಲಸ ನನ್ನದು ಎಂದು ಹಾಳೆಯಲ್ಲಿ ಬರೆದುಕೊಂಡಿದ್ದೇನೆ.

ರಿವರ್ಸ್ ಬಗ್ಗೆ ಒಂದು ಮಾತು. ಟ್ರೇಲರ್ ಎಡಕ್ಕೆ ಹೋಗಬೇಕೆಂದರೆ ಸ್ಟೇರಿಂಗ್ ಮೊದಲು ಬಲಕ್ಕೆ. ಹದಿನೈದು ವರ್ಷ ಕಾರು ಓಡಿಸಿದ ಅಹಂಕಾರ ಒಂದು ಖಾಲಿ ಮೈದಾನದಲ್ಲಿ, ಎರಡು ಪ್ಲಾಸ್ಟಿಕ್ ಬಕೆಟ್‌ಗಳ ಸಮೇತ ಪುಡಿಯಾಯಿತು.

ಹೊರಡುವ ಮುಂಚೆ ಒಂದು ರಾತ್ರಿ ಪರೀಕ್ಷೆಗೆಂದು ಹೋದ ಶನಿವಾರ ಮುಳಶಿ ಕಡೆಯ ಗೆಳೆಯನ ತೋಟದಲ್ಲಿ ನಿಲ್ಲಿಸಿ ಮಲಗಿದೆವು. ಅಪ್ಪ ಬಂದದ್ದೇ ದೊಡ್ಡದು, ಅದೂ ಮೊಮ್ಮಗಳು ಹಟ ಹಿಡಿದದ್ದಕ್ಕೆ. ನಲ್ಲಿ ಸೋರುತ್ತದೆ, ಸೊಳ್ಳೆಪರದೆ ಒಂದು ಕಡೆ ಹರಿದಿದೆ, ಚಾಕು ತಂದಿಲ್ಲ ಎಂದು ಪಟ್ಟಿ ಬೆಳೆಯಿತು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನಿದ್ದಿ ಆತೇನ್ ಅಪ್ಪಾ?"

"ಮೂರ್ ಸಲ ಎದ್ದಿದ್ದೆ. ಯಾರ್ನೂ ಎಬ್ಬಸ್ಲಿಲ್ಲ," ಅಂದರು. ಆಮೇಲೆ ತುಸು ಹೊತ್ತು ಬಿಟ್ಟು, "ಹುನ್ನೂರಾಗ ಈಗ ನೀರು ಎಷ್ಟ ಇಳದೈತಿ ಯಾರಿಗರೆ ಕೇಳಬೇಕಲಾ?"

ತಲೆದಿಂಬಿನ ಪಕ್ಕ ಇಟ್ಟಿದ್ದ ಲೀಟರ್ ಬಾಟಲಿ ಖಾಲಿಯಾಗಿತ್ತು.