ಭೀಮಾ ತೀರದ ಪಾಳುನಗರ ಫಿರೋಜಾಬಾದ್: ನೋಡುವುದೇನು, ಹೇಗೆ?

ಕಲಬುರಗಿ: ಕಲಬುರಗಿಯಿಂದ ಜೇವರ್ಗಿ ಕಡೆಗೆ ಸುಮಾರು 28 ಕಿ.ಮೀ. ಸಾಗಿದರೆ, ಭೀಮಾ ಸೇತುವೆಗೆ ಮುನ್ನ ಫಿರೋಜಾಬಾದ್ ಗ್ರಾಮ ಎದುರಾಗುತ್ತದೆ. ಬಸ್ಸಿನಲ್ಲಿ ಹೋಗುವವರಿಗೆ ಇದು ಕೇವಲ ಒಂದು ನಿಲುಗಡೆ. ಆದರೆ ಹೊಲಗಳ ನಡುವೆ ತಲೆಯೆತ್ತಿ ನಿಂತಿರುವ ಕಪ್ಪುಕಲ್ಲಿನ ಗೋಡೆಗಳು 600 ವರ್ಷಗಳ ಹಿಂದೆ ಒಬ್ಬ ಸುಲ್ತಾನನ ನಗರವನ್ನು ಸುತ್ತುವರಿದಿದ್ದವು ಎಂಬುದು ಜಿಲ್ಲೆಯವರಲ್ಲೇ ಅನೇಕರಿಗೆ ತಿಳಿಯದು.

ಬಹಮನಿ ಸುಲ್ತಾನ ಫಿರೋಜ್ ಷಾ (ಆಳ್ವಿಕೆ 1397–1422) ಈ ನಗರವನ್ನು 1400ರ ಸುಮಾರಿಗೆ ಕಟ್ಟಿಸಿದ. ಆಳಂದದಿಂದ ಬರುವ ಅಮರ್ಜಾ ಹೊಳೆಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ತುಂಬಿ ಬರುವ ನದಿಯೇ ಈ ನಗರಕ್ಕೆ ಪಶ್ಚಿಮದ ರಕ್ಷಣೆ. ಹೀಗಾಗಿ ಕೋಟೆಗೋಡೆ ಮುಖ್ಯವಾಗಿ ಉಳಿದ ಮೂರು ದಿಕ್ಕುಗಳಲ್ಲಿದೆ. ಒಳಗೆ ಅರಮನೆಯ ಅಂಗಳಗಳಿಗೆ ಭೀಮೆಯಿಂದ ಕಾಲುವೆ ತೆಗೆದು ನೀರು ಹರಿಸಲಾಗಿತ್ತೆಂದು ಚರಿತ್ರಕಾರ ಫೆರಿಸ್ತಾ ಬರೆದಿದ್ದಾನೆ.

ರಾಜಧಾನಿ ಕಲಬುರಗಿ ಇಷ್ಟು ಸಮೀಪವಿದ್ದರೂ ಮತ್ತೊಂದು ನಗರವೇಕೆ? ವಿಜಯನಗರದತ್ತ ದಂಡೆತ್ತಿ ಹೋಗುವ ಸೇನೆ ಸೇರಲು ಇದು ಅನುಕೂಲಕರ ನೆಲೆಯಾಗಿತ್ತು ಎಂಬುದು ಇತಿಹಾಸಕಾರರು ಕೊಡುವ ಒಂದು ಕಾರಣ. 1422ರಲ್ಲಿ ಫಿರೋಜ್ ಷಾ ಸಿಂಹಾಸನವನ್ನು ತಮ್ಮ ಅಹ್ಮದ್ ಷಾನಿಗೆ ಬಿಟ್ಟುಕೊಡಬೇಕಾಯಿತು. ಕೆಲವೇ ವರ್ಷಗಳಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಫಿರೋಜಾಬಾದ್ ಪಾಳುಬಿತ್ತು. ಮೇಲೆ ಮತ್ತೊಂದು ದೊಡ್ಡ ಊರು ಬೆಳೆಯದ ಕಾರಣದಿಂದಲೇ ಮೂಲ ನಗರದ ವಿನ್ಯಾಸವನ್ನು ಇಂದಿಗೂ ಗುರುತಿಸಬಹುದಾಗಿದೆ. ಬೀದರಿನಲ್ಲಾಗಲಿ ವಿಜಯಪುರದಲ್ಲಾಗಲಿ ಈ ಸೌಲಭ್ಯವಿಲ್ಲ.

ನೋಡಬೇಕಾದ್ದರಲ್ಲಿ ಮೊದಲನೆಯದು ಕಮಾನುಗಳುಳ್ಳ ಹೆಬ್ಬಾಗಿಲುಗಳು. ಬಳಿಕ ಜಾಮಿ ಮಸೀದಿ. ಪ್ರಾರ್ಥನಾ ಮಂದಿರದ ಬಹುಭಾಗ ಕುಸಿದಿದೆ. ಗುಮ್ಮಟದ ಪ್ರವೇಶದ್ವಾರ ಮತ್ತು ವಿಶಾಲ ಅಂಗಳ ಅದರ ಹಿಂದಿನ ಗಾತ್ರವನ್ನು ಹೇಳುತ್ತವೆ. ಮಸೀದಿಯ ಹಿಂಬದಿಗೆ ನದಿಯ ಕಡೆ ಇದ್ದದ್ದು ಅರಮನೆಯ ಭಾಗ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಕುತೂಹಲಕರವಾದದ್ದು ಸ್ನಾನಗೃಹ, ಅಂದರೆ ಹಮಾಮ್. ಸಾಲಾಗಿ ಕುಳಿತ ಪುಟ್ಟ ಗುಮ್ಮಟಗಳೂ ಪಿರಮಿಡ್ಡಿನಾಕಾರದ ಛಾವಣಿಗಳೂ ಅದರ ಗುರುತು. ದಖ್ಖನಿನಲ್ಲಿ ಉಳಿದಿರುವ ಅತಿ ಹಳೆಯ ಹಮಾಮ್‌ಗಳ ಸಾಲಿನಲ್ಲಿ ವಿದ್ವಾಂಸರು ಇದನ್ನು ಸೇರಿಸುತ್ತಾರೆ. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ 1992ರಲ್ಲಿ ಈ ನಗರದ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು.

ಗೋಡೆಯೊಳಗಿನ ನೆಲದ ಬಹುಪಾಲು ಈಗ ಸಾಗುವಳಿ ಭೂಮಿ. ಆದ್ದರಿಂದ ಪ್ರವಾಸಿಗರು ರೈತರನ್ನು ಕೇಳಿಯೇ ಬದುವಿನ ಮೇಲೆ ನಡೆಯುವುದು ಉಚಿತ. ತೊಗರಿ, ಜೋಳ ನಿಂತಿರುವಾಗ ಇದು ಇನ್ನೂ ಮುಖ್ಯ. ಸಂರಕ್ಷಣೆಯ ತೊಡಕಿರುವುದೂ ಇಲ್ಲೇ. ಕೋಟೆ ಉಳಿಯಬೇಕು, ಉಳುವವನ ಬದುಕೂ ನಡೆಯಬೇಕು.

ಜನ ಬಂದರೆ ಸಾಕು, ಸ್ಮಾರಕ ಉಳಿಯುತ್ತದೆ ಎಂದುಕೊಳ್ಳುವುದೂ ಸರಿಯಲ್ಲ. ಜಪಾನಿನ ತಾಕೆದಾ ಗಿರಿದುರ್ಗ ಇದಕ್ಕೆ ನಿದರ್ಶನ. ಫಿರೋಜಾಬಾದಿನಂತೆಯೇ 15ನೇ ಶತಮಾನದಲ್ಲಿ ಹುಟ್ಟಿ 1600ರಲ್ಲಿ ಪಾಳುಬಿದ್ದ ಆ ಕೋಟೆಯಲ್ಲಿ ಉಳಿದಿರುವುದು ಕಲ್ಲಿನ ಗೋಡೆಗಳು ಮಾತ್ರ. ಮಂಜಿನ ಮೇಲೆ ತೇಲುವಂತೆ ಕಾಣುವ ಅದರ ಚಿತ್ರಗಳನ್ನು ನೋಡಿ 2010ರ ದಶಕದಲ್ಲಿ ಜನಸಾಗರವೇ ಹರಿದುಬಂತು. ಕಾಲ್ತುಳಿತಕ್ಕೆ ನೆಲ ಸವೆಯಿತು. ಸ್ಥಳೀಯ ಆಡಳಿತ ಪ್ರವೇಶ ಶುಲ್ಕ ವಿಧಿಸಿ, ನಡೆದಾಡುವ ದಾರಿಯನ್ನು ನಿಗದಿಪಡಿಸಬೇಕಾಯಿತು. ಫಿರೋಜಾಬಾದಿನಲ್ಲೂ ಬೆಳೆಯನ್ನು ತುಳಿಯದಂತೆ, ಗೋಡೆಯನ್ನು ಹತ್ತದಂತೆ ಒಂದು ಕಾಲುದಾರಿಯನ್ನು ಜನಸಂದಣಿ ಬರುವ ಮೊದಲೇ ಗುರುತಿಸುವುದು ಲೇಸು.

ಭೇಟಿಗೆ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಮುಂಜಾವು ಸೂಕ್ತ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಮಳೆಗಾಲದಲ್ಲಿ ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟ ಸುದ್ದಿಯಿದ್ದರೆ ಪ್ರಯಾಣ ಮುಂದೂಡಿ. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀತೀರದ ಹಳ್ಳಿಗಳು ಜಲಾವೃತವಾಗಿದ್ದವು. ಮುಳ್ಳು ತಡೆಯುವ ಗಟ್ಟಿ ಪಾದರಕ್ಷೆ, ಕುಡಿಯುವ ನೀರು ಜತೆಗಿರಲಿ. ಕಮಾನುಗಳ ಮೇಲೆ ಹತ್ತಬೇಡಿ, ಹಲವು ಕಲ್ಲುಗಳು ಸಡಿಲಗೊಂಡಿವೆ. ಎಲ್ಲವನ್ನೂ ಸಾವಕಾಶವಾಗಿ ನೋಡಲು ಅರ್ಧ ದಿನವಾದರೂ ಬೇಕು.