ಒಣಗಿಸಿದ ತರಕಾರಿಯ ಆಹಾರಮೌಲ್ಯ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳಲ್ಲಿ ಮುಂಗಾರು ಮಳೆ ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಶೆಟ್ಟಿಕೊಪ್ಪದಂತಹ ಊರುಗಳಲ್ಲಿ ಆಗ ತರಕಾರಿ ಬೆಳೆಯುವುದು ಕಷ್ಟ. ಆದುದರಿಂದಲೇ ಮಲೆನಾಡಿನವರು ಬೇಸಗೆಯ ಬಿಸಿಲಿನಲ್ಲಿ ಹಲಸಿನ ಹಪ್ಪಳ, ಬಾಳಕದ ಮೆಣಸಿನಕಾಯಿ, ಸಂಡಿಗೆಗಳನ್ನು ಒಣಗಿಸಿ ಮಳೆಗಾಲಕ್ಕೆಂದು ಕಾಪಿಡುವರು. ಹೀಗೆ ಒಣಗಿಸಿದ ಕಾಯಿಪಲ್ಯಗಳಲ್ಲಿ ದೇಹಕ್ಕೆ ಬೇಕಾದ ಸತ್ವವು ಎಷ್ಟು ಉಳಿದಿರುತ್ತದೆ?

ಬಹುತೇಕ ಹಸಿ ತರಕಾರಿಗಳಲ್ಲಿ ನೂರಕ್ಕೆ 80ರಿಂದ 90 ಭಾಗ ನೀರೇ ಇರುತ್ತದೆ. ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳು ನೀರಿಲ್ಲದೆ ವೃದ್ಧಿಯಾಗಲಾರವು. ನೀರನ್ನು ಹೊರಹಾಕಿದರೆ ತರಕಾರಿ ಬಹುಕಾಲ ಕೆಡದೆ ಉಳಿಯುವುದು ಈ ಕಾರಣದಿಂದ.

ನೀರು ಆರಿಹೋದರೂ ಸುಣ್ಣ, ಕಬ್ಬಿಣ ಮೊದಲಾದ ಖನಿಜಗಳು, ನಾರು ಮತ್ತು ಸಸಾರಜನಕ ಬಹುಮಟ್ಟಿಗೆ ಉಳಿಯುತ್ತವೆ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. 100 ಗ್ರಾಂ ಒಣ ಸೊಪ್ಪಿನಲ್ಲಿ ಅಷ್ಟೇ ತೂಕದ ಹಸಿ ಸೊಪ್ಪಿಗಿಂತ ಹಲವು ಪಟ್ಟು ಖನಿಜವಿದೆಯೆಂದು ಹಿಗ್ಗಬಾರದು. ಒಂದು ಕಿಲೋಗ್ರಾಂ ಹಸಿ ಸೊಪ್ಪು ಒಣಗಿದರೆ 100 ಗ್ರಾಮಿಗಿಂತ ತುಸು ಹೆಚ್ಚು ಉಳಿಯಬಹುದು. ಒಬ್ಬನು ಒಂದು ಊಟದಲ್ಲಿ ತಿನ್ನುವುದು ಅದರಲ್ಲಿ ಅಲ್ಪಭಾಗ ಮಾತ್ರ.

ಅಳಿಯುವ ಸತ್ವಗಳಲ್ಲಿ ‘ಸಿ’ ಜೀವಸತ್ವ ಮುಖ್ಯವಾದುದು. ಶಾಖ ಮತ್ತು ಗಾಳಿಗಳಿಂದ ಅದು ಬೇಗ ನಾಶವಾಗುತ್ತದೆ. 18ನೆಯ ಶತಮಾನದ ಆದಿಯಲ್ಲಿ ಹಂಗೆರಿಯಲ್ಲಿದ್ದ ಸೈನಿಕರು ಒಸಡಿನಿಂದ ರಕ್ತ ಸುರಿಯುವ ಸ್ಕರ್ವಿ ರೋಗದಿಂದ ನರಳಿದಾಗ, ವಿಯೆನ್ನಾ ನಗರದಿಂದ ಒಣಗಿದ ಮೂಲಿಕೆಗಳನ್ನು ಕಳುಹಿಸಲಾಯಿತು. ಅವುಗಳಿಂದ ಪ್ರಯೋಜನವಾಗಲಿಲ್ಲ. ರೋಗಕ್ಕೆ ಮದ್ದಾಗಬೇಕಾಗಿದ್ದ ಸತ್ವವು ಒಣಗುವಾಗಲೇ ನಶಿಸಿತ್ತು. ಕ್ಯಾರೆಟ್, ಸೊಪ್ಪುಗಳಲ್ಲಿರುವ ‘ಎ’ ಜೀವಸತ್ವದ ಮೂಲವಸ್ತುವೂ ನೇರ ಬಿಸಿಲಿಗೆ ಕುಂದುತ್ತದೆ.

ಈ ನಷ್ಟವನ್ನು ತಗ್ಗಿಸಲು ಉಪಾಯಗಳುಂಟು. ತರಕಾರಿಯನ್ನು ಒಣಗಿಸುವ ಮುನ್ನ ಎರಡು ಮೂರು ನಿಮಿಷ ಹಬೆಯಲ್ಲಿಟ್ಟರೆ ಬಣ್ಣವನ್ನೂ ಸತ್ವವನ್ನೂ ಕೆಡಿಸುವ ಕಿಣ್ವಗಳು ನಿಷ್ಕ್ರಿಯವಾಗುತ್ತವೆ. ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ, ಗಾಳಿ ತೇವಗಳು ಸೋಕದಂತೆ ಮುಚ್ಚಿಡಬೇಕು. ಮೈಸೂರಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ಸ್ಥಾಪಿತವಾದವು. ಆಹಾರವನ್ನು ಕೆಡದಂತೆ ಕಾಪಾಡುವ ವಿಧಾನಗಳ ಶೋಧನೆ ಇವೆರಡರ ಕಾರ್ಯಗಳಲ್ಲೊಂದು.

ಒಣ ತರಕಾರಿಯು ಹಸಿ ತರಕಾರಿಗೆ ನೆರವಾಗಬಲ್ಲುದು. ಅದರ ಸ್ಥಾನವನ್ನು ತುಂಬಲಾರದು. ಮಳೆಗಾಲದ ಊಟದಲ್ಲಿ ಒಣಗಿಸಿದ ಕಾಯಿಪಲ್ಯವಿದ್ದ ದಿನ, ಒಲೆಯಿಂದ ಇಳಿಸಿದ ಸಾರಿಗೆ ಅರ್ಧ ನಿಂಬೆಹಣ್ಣನ್ನು ಹಿಂಡಿದರೆ ಬಿಸಿಲು ಕಸಿದುಕೊಂಡ ಸತ್ವದ ಒಂದಂಶ ಮರಳಿ ದೊರೆಯುವುದು. ಸೊಪ್ಪಿನಲ್ಲಿರುವ ಕಬ್ಬಿಣವೂ ದೇಹಕ್ಕೆ ಸುಲಭವಾಗಿ ಹತ್ತುವುದು.