ಬಣ್ಣದ ಕೆಳಗಿನ ಕೆಲಸ: ತಪ್ಪು ಕಲ್ಪನೆ ಮತ್ತು ಸತ್ಯ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಮಾತ್ರ ಜನ ಇನ್ನೂ ಬಿಟ್ಟಿಲ್ಲ. ಮೂಲೆಗೆ ಬಿದ್ದ ಗಾಡಿಯನ್ನು ಹೊರಗೆಳೆದು, ಎಂಜಿನ್ ಸರಿಮಾಡಿಸಿ, ಟ್ಯಾಂಕಿಗೆ ಕ್ಯಾಂಡಿ ಕೆಂಪೋ ಪರ್ಲ್ ನೀಲಿಯೋ ಹೊಡೆಸುತ್ತಾರೆ. ಬಣ್ಣ ಆರಿಸಲು ವಾರಗಟ್ಟಲೆ ಯೋಚಿಸುವವರೇ ಅದರ ಕೆಳಗಿನ ಕೆಲಸವನ್ನು 'ಬೇಗ ಮುಗಿಸಿಬಿಡಿ' ಎನ್ನುತ್ತಾರೆ. ವರ್ಷ ತುಂಬುವ ಮೊದಲೇ ಬಣ್ಣ ಎದ್ದರೆ ಕಾರಣವನ್ನು ಹುಡುಕಬೇಕಾದದ್ದು ಸಾಮಾನ್ಯವಾಗಿ ಅಲ್ಲೇ.

ತಪ್ಪು ಕಲ್ಪನೆ: ದಪ್ಪಗೆ ಎರಡು ಕೋಟ್ ಹೊಡೆದರೆ ಗೀರೆಲ್ಲ ಮುಚ್ಚಿಹೋಗುತ್ತದೆ.

ಸತ್ಯ: ಒಣಗಿದ ಬೇಸ್ ಕೋಟ್, ಅಂದರೆ ಬಣ್ಣದ ಪದರ, ಸಾಮಾನ್ಯವಾಗಿ 15ರಿಂದ 25 ಮೈಕ್ರಾನ್ ದಪ್ಪವಿರುತ್ತದೆ. 80 ನಂಬರಿನ ಮರಳುಕಾಗದದ ಕಣಗಳ ಸರಾಸರಿ ಗಾತ್ರವೇ ಸುಮಾರು 200 ಮೈಕ್ರಾನ್. 400 ನಂಬರಿನದು 35, 600ರದು 26. ಪುಟ್ಟಿಯನ್ನು 80ರಲ್ಲಿ ತೀಡಿ, 180, 320 ಎಂದು ಮೆಟ್ಟಿಲು ಇಳಿಯುತ್ತ, ಪ್ರೈಮರನ್ನು 400–600ರಲ್ಲಿ ಮುಗಿಸುವುದು ಇದಕ್ಕೇ. ಮೆಟ್ಟಿಲು ಹಾರಿದರೆ, ಥಿನ್ನರ್ ಆರಿ ಬಣ್ಣ ಕುಗ್ಗಿದಾಗ ಗೀರು ಮತ್ತೆ ಮೇಲೆ ಬರುತ್ತದೆ. ದಪ್ಪಗೆ ಹೊಡೆದದ್ದಕ್ಕೆ ಸಿಗುವ ಫಲ, ಒಳಗೆ ಸಿಕ್ಕಿಕೊಂಡ ಥಿನ್ನರಿನಿಂದ ಏಳುವ ಸಣ್ಣ ಗುಳ್ಳೆಗಳು.

ತಪ್ಪು ಕಲ್ಪನೆ: ಚೆನ್ನಾಗಿ ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸತ್ಯ: ಜಿಡ್ಡು ತೆಗೆಯದೆ ಉಜ್ಜಿದರೆ ಹಳೆಯ ಪಾಲಿಶಿನ ಮೇಣ, ಸಿಲಿಕಾನ್ ಎಲ್ಲ ಗೀರಿನೊಳಗೆ ಸೇರುತ್ತದೆ. ಬಣ್ಣ ಅದರ ಮೇಲೆ ನಿಲ್ಲದೆ ಸರಿದು ಮೀನಿನ ಕಣ್ಣಿನಂಥ ಕುಳಿ ಬೀಳುತ್ತದೆ. ಪೆಟ್ರೋಲ್ ಆರಿದ ಮೇಲೂ ಜಿಡ್ಡಿನ ಅಂಶ ಉಳಿಯಬಹುದು. ಉಜ್ಜುವ ಮೊದಲೊಮ್ಮೆ, ಉಜ್ಜಿದ ಮೇಲೊಮ್ಮೆ ಡಿಗ್ರೀಸರ್ ಬಳಸಬೇಕು. ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ಒರೆಸಬೇಕು. ಆಮೇಲೆ ಬರಿಗೈ ತಾಗಿಸುವಂತಿಲ್ಲ.

ತಪ್ಪು ಕಲ್ಪನೆ: ಪ್ರೈಮರ್ ಬಿದ್ದರೆ ತುಕ್ಕಿನ ಭಯವಿಲ್ಲ.

ಸತ್ಯ: ಉಜ್ಜಿ ಸಮ ಮಾಡಲು ಬಳಸುವ ಸರ್ಫೇಸರ್ ಪ್ರೈಮರ್ ತೇವ ಹೀರುತ್ತದೆ, ಅದರ ಕೆಳಗಿನ ಪುಟ್ಟಿಯೂ ಹಾಗೆಯೇ. 'ಪ್ರೈಮರ್ ಆಗಿದೆಯಲ್ಲ' ಎಂದು ಮಳೆಗಾಲದಲ್ಲಿ ಗಾಡಿಯನ್ನು ಹೊರಗೆ ನಿಲ್ಲಿಸಿದರೆ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಪುಟ್ಟಿಯನ್ನು ನೀರು ಹಾಕಿ ಉಜ್ಜಬಾರದೆನ್ನುವುದೂ ಇದಕ್ಕೇ. ತುಕ್ಕನ್ನು ಬರಿ ಲೋಹ ಕಾಣುವ ತನಕ ತೆಗೆದು, ಎಪಾಕ್ಸಿ ಪ್ರೈಮರ್ ಹೊಡೆಯುವುದು ಸರಿಯಾದ ಕ್ರಮ. ಉಪ್ಪುಗಾಳಿಯ ಕರಾವಳಿಯಲ್ಲಂತೂ ಇದನ್ನು ಬಿಡುವ ಹಾಗಿಲ್ಲ.

ತಪ್ಪು ಕಲ್ಪನೆ: ಗೀರು ಹಾಕಿದರೆ ಎಲ್ಲದಕ್ಕೂ ಬಣ್ಣ ಹಿಡಿಯುತ್ತದೆ.

ಸತ್ಯ: ಹಲವು ಹಳೆಯ ಜಾವಾ ಟ್ಯಾಂಕುಗಳ ಪಕ್ಕದಲ್ಲಿ ಕ್ರೋಮ್ ಇದೆ. ಅದರ ಮೇಲೆ ಬಣ್ಣದ ಹಿಡಿತ ನೆಚ್ಚುವಂಥದ್ದಲ್ಲ. ಪ್ಲೇಟಿಂಗ್ ಮಾಡುವವರಲ್ಲಿ ಕ್ರೋಮ್ ತೆಗೆಸುವುದೇ ಒಳ್ಳೆಯದು. ಕಾರಿನ ಬಂಪರುಗಳಲ್ಲಿ ಬಳಸುವ ಪಾಲಿಪ್ರೊಪಿಲೀನಿಗೆ ಮೊದಲು ಅಡ್ಹೀಶನ್ ಪ್ರೊಮೋಟರ್ ಬೇಕು.

ತಪ್ಪು ಕಲ್ಪನೆ: ಪ್ರೈಮರ್ ಇದ್ದಮೇಲೆ ಸೀಲರ್ ಯಾಕೆ? ಅದು ಬಿಲ್ ಏರಿಸುವ ಉಪಾಯ.

ಸತ್ಯ: ಉಜ್ಜಿ ಮುಗಿದ ಟ್ಯಾಂಕನ್ನು ನೋಡಿ. ಒಂದು ಕಡೆ ಪ್ರೈಮರ್, ಇನ್ನೊಂದು ಕಡೆ ಹಳೆಯ ಬಣ್ಣ, ಅಂಚಿನಲ್ಲಿ ಇಣುಕುವ ಪುಟ್ಟಿ. ಒಂದೊಂದೂ ಒಂದೊಂದು ರೀತಿ ಥಿನ್ನರ್ ಹೀರುತ್ತದೆ. ನೇರವಾಗಿ ಬಣ್ಣ ಹೊಡೆದರೆ ಕೆಲವು ದಿನಗಳಲ್ಲಿ ಪುಟ್ಟಿಯ ಅಂಚು ನಕ್ಷೆಯ ಗೆರೆಯಂತೆ ಮೂಡುತ್ತದೆ. ಸೀಲರ್ ಎಂಬ ತೆಳು ಪದರ ಈ ವ್ಯತ್ಯಾಸವನ್ನು ಅಳಿಸಿ ಇಡೀ ಮೈಯನ್ನು ಒಂದೇ ಸಮ ಮಾಡುತ್ತದೆ. ಸಾಮಾನ್ಯವಾಗಿ ಅದನ್ನು ಉಜ್ಜುವುದಿಲ್ಲ. ಡಬ್ಬದ ಮೇಲೆ ಬರೆದ ಅವಧಿಯೊಳಗೆ ಬಣ್ಣ ಹೊಡೆಯಬೇಕು. ಅವಧಿ ಮೀರಿದರೆ ಮತ್ತೆ ಉಜ್ಜಲೇಬೇಕು.

ಸೀಲರ್ ಮೇಲಿನ ಬಣ್ಣದ ನೋಟಕ್ಕೂ ಮುಖ್ಯ. ಕ್ಯಾಂಡಿ ಬಣ್ಣ ಪಾರದರ್ಶಕ. ಕೆಳಗಿನ ಬೆಳ್ಳಿಯೋ ಬಂಗಾರವೋ ಅದರ ಮೂಲಕವೇ ಹೊಳೆಯುತ್ತದೆ, ಕೆಳಪದರದ ಕಲೆಯೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಚೆನ್ನಾಗಿ ಮುಚ್ಚದ ಹಳದಿ, ಕೆಂಪುಗಳಲ್ಲೂ ಸೀಲರಿನ ಬಣ್ಣ ಮೇಲಿನ ಛಾಯೆಯನ್ನು ಬದಲಿಸುತ್ತದೆ.

ಆದರೆ ಸೀಲರ್ ಸರ್ವರೋಗಕ್ಕೆ ಮದ್ದಲ್ಲ. ಥಿನ್ನರ್ ಬಟ್ಟೆಯಲ್ಲಿ ಹಳೆಯ ಬಣ್ಣವನ್ನು ತಿಕ್ಕಿ ನೋಡಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಗಟ್ಟಿಯಾಗಿಸುವ ಹಾರ್ಡನರ್ ಇಲ್ಲದ ನೈಟ್ರೋಸೆಲ್ಯುಲೋಸ್, ಅಂದರೆ ಎನ್‌ಸಿ ಬಣ್ಣವಿರಬಹುದು. ಮೇಲೆ ಹೊಸ ಬಣ್ಣ ಬಿದ್ದರೆ ಸುಕ್ಕುಗಟ್ಟುತ್ತದೆ. ಅದನ್ನು ಪೂರ್ತಿ ಕಿತ್ತು ತೆಗೆಯುವುದೇ ಕ್ಷೇಮ.

ತಪ್ಪು ಕಲ್ಪನೆ: ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡರೆ ಸಾಕು.

ಸತ್ಯ: ಹಾರ್ಡನರ್ ಬೆರೆಸುವ ಪಿಯು (ಪಾಲಿಯುರಿಥೇನ್) ಪ್ರೈಮರ್, ಸೀಲರ್, ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರುಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದು ಆಸ್ತಮಾ ತರಬಲ್ಲದು. ಬಟ್ಟೆ, ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಉತ್ತಮ.

ಗಾಡಿ ಕೊಟ್ಟವರು ಬಣ್ಣ ಮುಗಿದ ದಿನ ಹೋಗುವುದಕ್ಕಿಂತ ಪ್ರೈಮರ್ ಉಜ್ಜಿ ಮುಗಿದ ದಿನ ಗ್ಯಾರೇಜಿಗೆ ಹೋಗುವುದು ಲಾಭ. ಟ್ಯೂಬ್‌ಲೈಟಿನ ಬೆಳಕನ್ನು ಓರೆಯಾಗಿ ಬೀಳಿಸಿ ಟ್ಯಾಂಕ್ ನೋಡಿ. ಅಂಗೈ ಆಡಿಸಿ, ಆಮೇಲೆ ಮತ್ತೊಮ್ಮೆ ಜಿಡ್ಡು ತೆಗೆಯಲು ಹೇಳಿ. ಏರುತಗ್ಗು ಸಿಕ್ಕರೆ ಆಗ ಸರಿಮಾಡಲು ಹಿಡಿಯುವುದು ಸ್ವಲ್ಪ ಪುಟ್ಟಿ, ಅರ್ಧ ದಿನ. ಕ್ಲಿಯರ್ ಬಿದ್ದ ಮೇಲಾದರೆ ಎಲ್ಲವನ್ನೂ ಕಿತ್ತು ಮೊದಲಿನಿಂದ ಶುರುಮಾಡಬೇಕು. ಪೇಂಟರ್ ಹತ್ತಿರ ಜಗಳವಾಡುವುದಿದ್ದರೆ ಆ ದಿನವೇ ಆಡಿ.